ಹಳೆಯ ಕಾರಿನ ಗೇರ್‌ಬಾಕ್ಸ್ ಆಯಿಲ್ ಇದ್ದಕ್ಕಿದ್ದಂತೆ ಸೋರತೊಡಗಿದರೆ: ಮೂಲ ಪತ್ತೆ ಹಚ್ಚುವ ಸಮಗ್ರ ಮಾರ್ಗದರ್ಶಿ

ನಿನ್ನೆಯವರೆಗೂ ಒಣಗಿದ್ದ ನೆಲದ ಮೇಲೆ ಇವತ್ತು ಅಂಗೈಯಗಲ ಕೆಂಪು ಕಲೆ ಕಂಡರೆ ಹಳೆಯ ಕಾರು ಇಟ್ಟುಕೊಂಡವರ ಎದೆ ಧಸಕ್ಕೆನ್ನುತ್ತದೆ. ಗೇರ್‌ಬಾಕ್ಸೇ ಹೋಯಿತು ಎಂದುಕೊಳ್ಳುತ್ತಾರೆ. ಆದರೆ ಆಯಿಲ್ ಹೊರಬರುವ ಜಾಗಗಳಲ್ಲಿ ಹೆಚ್ಚಿನವು ಗೇರ್‌ಬಾಕ್ಸಿನ ಹೊರಮೈಯಲ್ಲಿರುವ ಸಣ್ಣಪುಟ್ಟ ವಸ್ತುಗಳು: ಗಟ್ಟಿಯಾದ ಒಂದು ರಬ್ಬರ್ ಪೈಪು, ಚಪ್ಪಟೆಯಾದ ಒಂದು ವಾಷರ್, ಸವೆದ ಒಂದು ಸೀಲ್. ಒಳಗಿನ ಕ್ಲಚ್ ಪ್ಲೇಟುಗಳು ಸುಡುವುದು ಆಮೇಲೆ, ಆಯಿಲ್ ಕಡಿಮೆಯಾಗಿದ್ದರೂ ಓಡಿಸಿದಾಗ. ಹಾಗಾಗಿ ಇಲ್ಲಿ ಆತುರ ಬೇಕಿರುವುದು ಓಡಿಸುವುದನ್ನು ನಿಲ್ಲಿಸಲು ಮಾತ್ರ. ಯಾವ ಭಾಗ ಬದಲಿಸಬೇಕು ಎಂದು ತೀರ್ಮಾನಿಸಲು ಆತುರ ಬೇಡ.

ಇಲ್ಲಿ ಹೇಳುವುದು ಮುಖ್ಯವಾಗಿ ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಬಗ್ಗೆ. ಮ್ಯಾನ್ಯುಯಲ್ ಗೇರ್‌ಬಾಕ್ಸಿಗೆ ಬೇರೆಯಾಗುವ ಸಂಗತಿಗಳನ್ನು ಕೊನೆಯ ಕಡೆಗೆ ಸೇರಿಸಿದ್ದೇನೆ.

ಮೊದಲ ಪ್ರಶ್ನೆ: ಈ ಕಾರನ್ನು ಓಡಿಸಬಹುದೇ?

ಉತ್ತರ ಸೋರುವ ವೇಗವನ್ನು ಅವಲಂಬಿಸಿದೆ. ಇದನ್ನು ಕಣ್ಣಂದಾಜಿಗೆ ಬಿಡದೆ ಲೆಕ್ಕ ಹಾಕಿ. ಸುಮಾರು 20 ಹನಿಗೆ 1 ಮಿಲಿಲೀಟರ್. ಸೆಕೆಂಡಿಗೊಂದು ಹನಿ ಬೀಳುತ್ತಿದ್ದರೆ ನಿಮಿಷಕ್ಕೆ 3 ಮಿಲಿಲೀಟರ್, ಗಂಟೆಗೆ 180 ಮಿಲಿಲೀಟರ್. ನೋಡಲು ಅಲ್ಪವೆನಿಸುವ ಈ ತೊಟ್ಟಿಕ್ಕುವಿಕೆ ಒಂದೇ ಸಮನೆ ಮುಂದುವರಿದರೆ ಒಂದು ದಿನಕ್ಕೆ 4 ಲೀಟರ್ ದಾಟುತ್ತದೆ. ಬಹಳಷ್ಟು ಗೇರ್‌ಬಾಕ್ಸುಗಳಲ್ಲಿ ಪ್ಯಾನ್ (ತಳದಲ್ಲಿರುವ ಆಯಿಲ್ ತಟ್ಟೆ) ಬಿಚ್ಚಿದಾಗ ಹೊರಬರುವ ಆಯಿಲೇ ಅಷ್ಟಿರುತ್ತದೆ. ಇಷ್ಟಾಗಿ ಇದು ಎಂಜಿನ್ ನಿಂತಿರುವಾಗಿನ ಲೆಕ್ಕ. ಎಂಜಿನ್ ಓಡುವಾಗ ಪಂಪಿನ ಒತ್ತಡದಲ್ಲಿರುವ ಪೈಪು ಬಿರಿದರೆ ಹನಿಯ ಮಾತೇ ಇಲ್ಲ, ಕೆಲವೇ ನಿಮಿಷಗಳಲ್ಲಿ ಪ್ಯಾನ್ ಬರಿದಾಗಬಹುದು.

ಧಾರೆಯಾಗಿ ಸುರಿಯುತ್ತಿದ್ದರೆ, ಡಿ ಅಥವಾ ರಿವರ್ಸ್‌ಗೆ ಹಾಕಿದ ಮೇಲೆ ಕಾರು ಕದಲಲು ತಡವಾಗುತ್ತಿದ್ದರೆ, ಎಂಜಿನ್ ಸದ್ದು ಏರಿದರೂ ವೇಗ ಏರದಿದ್ದರೆ, ಅಥವಾ ಪಂಪಿನಿಂದ ಗುಂಯ್ ಎಂಬ ಸದ್ದು ಕೇಳಿಸುತ್ತಿದ್ದರೆ ಅಲ್ಲೇ ನಿಲ್ಲಿಸಿ. ಕೊನೆಯ ಮೂರೂ ಪಂಪು ಆಯಿಲ್ ಬದಲು ಗಾಳಿ ಹೀರುತ್ತಿರುವ ಲಕ್ಷಣ. ಸೈಲೆನ್ಸರ್ ಪೈಪಿನ ಕಡೆಯಿಂದ ಸುಟ್ಟ ವಾಸನೆ ಅಥವಾ ಹೊಗೆ ಬಂದರೆ ಎಂಜಿನ್ ಆರಿಸಿ, ಎಲ್ಲರೂ ಇಳಿದು ದೂರ ಹೋಗಿ. ಈ ಆಯಿಲ್ ಪೆಟ್ರೋಲಿನಷ್ಟು ಸುಲಭವಾಗಿ ಹೊತ್ತಿಕೊಳ್ಳುವುದಿಲ್ಲ, ನಿಜ. ಆದರೆ ಕಾದ ಎಕ್ಸಾಸ್ಟ್ ಮೇಲೆ ಸಿಡಿದಾಗ ಬೆಂಕಿ ಹಿಡಿಯುವುದುಂಟು.

ಎಳೆದುಕೊಂಡು ಹೋಗಬೇಕಾದರೆ ಎಂಜಿನ್ ಶಕ್ತಿ ಪಡೆಯುವ ಚಕ್ರಗಳು ನೆಲಕ್ಕೆ ತಾಗದಂತೆ ಎತ್ತಿಸಿ, ಇಲ್ಲವೇ ಇಡೀ ಕಾರನ್ನು ಲಾರಿಯ ಮೇಲೆ ಹಾಕಿಸಿ. ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಪಂಪನ್ನು ತಿರುಗಿಸುವುದು ಎಂಜಿನ್. ಎಂಜಿನ್ ನಿಂತು ಚಕ್ರ ಮಾತ್ರ ಉರುಳಿದರೆ ಒಳಗಿನ ಶಾಫ್ಟುಗಳು ಆಯಿಲ್ ಇಲ್ಲದೆ ತಿರುಗುತ್ತವೆ. ಸೋರಿಕೆ ಮಾಡದ ಹಾನಿಯನ್ನು ಎಳೆತ ಮಾಡಿಬಿಡುತ್ತದೆ.

ಸೋರಿದ್ದು ಗೇರ್‌ಬಾಕ್ಸ್ ಆಯಿಲ್ ಹೌದೇ?

ಕಲೆಯ ಮೇಲೆ ಬಿಳಿ ಕಾಗದ ಒತ್ತಿ ತೆಗೆದು ಬೆಳಕಿನಲ್ಲಿ ನೋಡಿ. ಕಾಂಕ್ರೀಟಿನ ಮೇಲೆ ಯಾವ ಆಯಿಲೂ ಕಪ್ಪಾಗಿ ಕಾಣಬಹುದು, ಕಾಗದದ ಮೇಲೆ ನಿಜ ಬಣ್ಣ ಬರುತ್ತದೆ. ಆಟೋಮ್ಯಾಟಿಕ್ ಗೇರ್‌ಬಾಕ್ಸಿಗೆ ಹಾಕುವ ಎಟಿಎಫ್‌ಗೆ ಸಾಮಾನ್ಯವಾಗಿ ಕೆಂಪು ಬಣ್ಣ ಬೆರೆಸಿರುತ್ತಾರೆ. ಬೆರಳುಗಳ ನಡುವೆ ಉಜ್ಜಿದರೆ ಎಂಜಿನ್ ಆಯಿಲಿಗಿಂತ ತೆಳು, ನುಣುಪು. ಎಂಜಿನ್ ಆಯಿಲ್ ಕಂದು ಅಥವಾ ಕಪ್ಪು. ಕೂಲಂಟ್ ಕೆಂಪು ಅಥವಾ ಗುಲಾಬಿ ಬಣ್ಣದ್ದೇ ಇರಬಹುದು, ಆದರೆ ಅದು ನೀರಿನಂತೆ ಕಾಗದಕ್ಕೆ ಹೀರಿಕೊಳ್ಳುತ್ತದೆ, ಸಿಹಿ ವಾಸನೆ ಇರುತ್ತದೆ. ಬ್ರೇಕ್ ಆಯಿಲ್ ತಿಳಿಹಳದಿ, ಪೇಂಟನ್ನು ತಿನ್ನುತ್ತದೆ. ಬಣ್ಣ, ವಾಸನೆ, ಜಿಡ್ಡು ಯಾವುದೂ ಇಲ್ಲದಿದ್ದರೆ ಅದು ಎಸಿಯ ನೀರು, ನೆಮ್ಮದಿಯಾಗಿರಿ.

ಹಳೆಯ ಕಾರಿನಲ್ಲಿ ಬಣ್ಣವನ್ನಷ್ಟೇ ನಂಬಿದರೆ ಮೋಸ ಹೋಗುತ್ತೀರಿ. ವರ್ಷಗಟ್ಟಲೆ ಬದಲಿಸದ ಎಟಿಎಫ್ ಕಂದು ಬಣ್ಣಕ್ಕೆ ತಿರುಗಿ ಎಂಜಿನ್ ಆಯಿಲಿನಂತೆಯೇ ಕಾಣುತ್ತದೆ. ಸಿವಿಟಿ (ಗೇರುಗಳ ಬದಲು ಬೆಲ್ಟ್ ಮೇಲೆ ಓಡುವ) ಗೇರ್‌ಬಾಕ್ಸಿನ ಆಯಿಲ್ ಹಸಿರೋ ಹಳದಿಯೋ ಆಗಿರಬಹುದು. ಅದಕ್ಕೇ ಗೇರ್‌ಬಾಕ್ಸಿನ ಡಿಪ್‌ಸ್ಟಿಕ್‌ನಿಂದ (ಆಯಿಲ್ ಮಟ್ಟ ನೋಡುವ ಕಡ್ಡಿ) ಒಂದು ಹನಿ ತೆಗೆದು ಅದೇ ಕಾಗದದ ಮೇಲೆ ಕಲೆಯ ಪಕ್ಕದಲ್ಲೇ ಹಾಕಿ ಹೋಲಿಸಿ. ಎಂಜಿನ್ ಡಿಪ್‌ಸ್ಟಿಕ್‌ನ ಹನಿಯನ್ನೂ ಅದರ ಪಕ್ಕ ಇಡಿ.

ಇನ್ನೊಂದು ಅಂಶ ಬಹಳ ಸಲ ತಪ್ಪಿಹೋಗುತ್ತದೆ. ಎಷ್ಟೋ ಕಾರುಗಳ ಪವರ್ ಸ್ಟೀರಿಂಗಿನಲ್ಲೂ ಇದೇ ಕೆಂಪು ಎಟಿಎಫ್ ಇರುತ್ತದೆ. ಅದರ ಪೈಪು ಸೋರಿದರೆ ಆಯಿಲ್ ಗಾಳಿಗೆ ಹಿಂದಕ್ಕೆ ಹರಿದು ಗೇರ್‌ಬಾಕ್ಸಿನ ಮೈಯನ್ನೆಲ್ಲ ನೆನೆಸುತ್ತದೆ. ಪವರ್ ಸ್ಟೀರಿಂಗ್ ಡಬ್ಬಿಯ ಮಟ್ಟ ಕೆಳಗಿಳಿದು, ಗೇರ್‌ಬಾಕ್ಸಿನ ಮಟ್ಟ ಸರಿಯಾಗಿದ್ದರೆ ನೀವು ಹುಡುಕಬೇಕಾದ ಜಾಗವೇ ಬೇರೆ.

ಕಳೆದ ಬಾರಿ ಯಾರು, ಎಲ್ಲಿ ಕೈ ಹಾಕಿದ್ದರು?

ನಿಧಾನವಾಗಿ ಒಸರುವುದು ವಯಸ್ಸಿನ ಲಕ್ಷಣ. ಇದ್ದಕ್ಕಿದ್ದಂತೆ ಸುರಿಯುವುದರ ಹಿಂದೆ ಸಾಮಾನ್ಯವಾಗಿ ಒಂದು ಘಟನೆ ಇರುತ್ತದೆ. ಟಾರ್ಚ್ ಹಿಡಿಯುವ ಮೊದಲು ನೆನಪು ಕೆದಕಿ. ಇತ್ತೀಚೆಗೆ ಸರ್ವಿಸ್ ಆಯಿತೇ? ಡ್ರೈನ್ ಬೋಲ್ಟಿನ ಹಳೆಯ ವಾಷರನ್ನೇ ಮತ್ತೆ ಹಾಕಿರಬಹುದು. ಪ್ಯಾನಿನ ಹಳೆಯ ಗ್ಯಾಸ್ಕೆಟ್ ಚೂರು ಅಂಟಿಕೊಂಡೇ ಉಳಿದು ಅದರ ಮೇಲೆ ಹೊಸದು ಕೂತಿರಬಹುದು. ಆಯಿಲ್ ಫಿಲ್ಟರ್ ಕೊಳವೆಯ ಓ-ರಿಂಗ್ (ಉಂಗುರದಂಥ ರಬ್ಬರ್ ಸೀಲ್) ತಿರುಚಿಕೊಂಡಿರಬಹುದು. ಸಸ್ಪೆನ್ಶನ್ ಕೆಲಸಕ್ಕೆಂದು ಡ್ರೈವ್ ಶಾಫ್ಟ್ ಎಳೆದಿದ್ದರೆ ವಾಪಸ್ ತೂರಿಸುವಾಗ ಅದರ ಹಲ್ಲು ಸೀಲಿನ ತುಟಿಯನ್ನು ಸೀಳಿರಬಹುದು. ರೇಡಿಯೇಟರ್ ಬದಲಿಸಿದ್ದರೆ, ಗೇರ್‌ಬಾಕ್ಸ್ ಆಯಿಲನ್ನು ತಣಿಸಲು ಅಲ್ಲಿಗೆ ಒಯ್ಯುವ ಕೂಲರ್ ಪೈಪಿನ ನಟ್ಟು ಥ್ರೆಡ್ ತಪ್ಪಿ ಕೂತಿರಬಹುದು.

ಎಂಜಿನ್ ಆಯಿಲ್ ಬದಲಿಸಿದ ಬೆನ್ನಲ್ಲೇ ತೊಂದರೆ ಶುರುವಾಗಿದ್ದರೆ ಎರಡೂ ಡಿಪ್‌ಸ್ಟಿಕ್ ನೋಡಿ. ಕೆಲವು ಕಾರುಗಳಲ್ಲಿ ಎಂಜಿನ್ ಮತ್ತು ಗೇರ್‌ಬಾಕ್ಸಿನ ಡ್ರೈನ್ ಬೋಲ್ಟುಗಳು ಹತ್ತಿರ ಹತ್ತಿರ ಇದ್ದು ನೋಡಲು ಒಂದೇ ಥರ ಇರುತ್ತವೆ. ತಪ್ಪು ಬೋಲ್ಟ್ ಬಿಚ್ಚಿದರೆ ಗೇರ್‌ಬಾಕ್ಸ್ ಖಾಲಿ, ಎಂಜಿನ್ನಿನಲ್ಲಿ ದುಪ್ಪಟ್ಟು ಆಯಿಲ್. ಆಗ ನೆಲದ ಮೇಲೆ ಸೋರಿಕೆಯೇ ಇರುವುದಿಲ್ಲ, ಗೇರ್ ಮಾತ್ರ ಹಿಡಿಯುವುದಿಲ್ಲ.

ರಸ್ತೆ ಉಬ್ಬಿಗೋ ಕಲ್ಲಿಗೋ ಅಡಿಭಾಗ ತಾಗಿದ ಸದ್ದು ಬಂದಿತ್ತೇ? ಯಾರಾದರೂ ಜಾಕನ್ನು ಪ್ಯಾನಿಗೇ ಕೊಟ್ಟು ಕಾರು ಎತ್ತಿದರೇ? ನೆಗ್ಗಿದ ಪ್ಯಾನ್ ಅಂಚಿನಲ್ಲಿ ಬಾಗಿ ಗ್ಯಾಸ್ಕೆಟ್ ಬಿಡುತ್ತದೆ. ಎಂಜಿನ್ ಅಥವಾ ಗೇರ್‌ಬಾಕ್ಸ್ ಮೌಂಟಿಂಗ್ ತುಂಡಾಗಿದ್ದರೂ ಇಡೀ ಜೋಡಣೆ ಓಲಾಡಿ ಕೂಲರ್ ಪೈಪನ್ನು ಎಳೆದು ಕೀಳುತ್ತದೆ.

ಮಟ್ಟ ನೋಡುವ ಸರಿಯಾದ ಕ್ರಮ

ಸಮತಟ್ಟಾದ ಜಾಗ, ಹ್ಯಾಂಡ್‌ಬ್ರೇಕ್, ಎಂಜಿನ್ ಚಾಲೂ. ಬ್ರೇಕ್ ಒತ್ತಿ ಹಿಡಿದು ಗೇರ್ ಲಿವರನ್ನು ಪ್ರತಿ ಸ್ಥಾನದಲ್ಲೂ ಒಂದೆರಡು ಸೆಕೆಂಡ್ ನಿಲ್ಲಿಸುತ್ತ ಎಲ್ಲವನ್ನೂ ದಾಟಿಸಿ ಪಾರ್ಕಿಗೆ ತನ್ನಿ. ಎಂಜಿನ್ ನಿಧಾನಕ್ಕೆ ಓಡುತ್ತಿರುವಾಗಲೇ ಡಿಪ್‌ಸ್ಟಿಕ್ ಎಳೆದು, ಒರೆಸಿ, ಮತ್ತೆ ಪೂರ್ತಿ ತೂರಿಸಿ ಓದಿ. ಕೆಲವು ಕಾರುಗಳಿಗೆ ಇದೇ ನಿಯಮ ತಿರುಗುಮುರುಗು: ಕೆಲವು ಹಳೆಯ ಕ್ರೈಸ್ಲರ್‌ಗಳಲ್ಲಿ ನ್ಯೂಟ್ರಲ್‌ನಲ್ಲಿ ನೋಡಬೇಕು, ಹಲವು ಹೋಂಡಾಗಳಲ್ಲಿ ಬಿಸಿಯಾದ ಎಂಜಿನ್ ಆರಿಸಿದ ಕೂಡಲೇ ನೋಡಬೇಕು. ಕಾರಿನ ಕೈಪಿಡಿ ತೆರೆದು ಖಚಿತಪಡಿಸಿಕೊಳ್ಳಿ. ಡಿಪ್‌ಸ್ಟಿಕ್ ಇಲ್ಲದ ಮಾದರಿಗಳಲ್ಲಿ ಪಕ್ಕದಲ್ಲೊಂದು ಲೆವೆಲ್ ಬೋಲ್ಟ್ ಇರುತ್ತದೆ. ಆಯಿಲ್ ಕೈಪಿಡಿಯಲ್ಲಿ ಹೇಳಿದ ಉಷ್ಣಾಂಶಕ್ಕೆ ಬಂದಾಗ ಅದನ್ನು ಬಿಚ್ಚಿ ನೋಡಬೇಕು. ಕಾರು ನಾಲ್ಕೂ ಮೂಲೆಯಲ್ಲಿ ಸಮಮಟ್ಟದಲ್ಲಿ ಎತ್ತಿರಬೇಕಾದ್ದರಿಂದ ಅದನ್ನು ಲಿಫ್ಟ್ ಇರುವ ಗ್ಯಾರೇಜಿಗೆ ಬಿಡುವುದೇ ವಾಸಿ.

ಮಟ್ಟ ತೀರಾ ಕೆಳಗಿದ್ದರೆ ಕೈಪಿಡಿಯಲ್ಲಿ ಹೇಳಿದ ದರ್ಜೆಯ ಆಯಿಲನ್ನೇ ಸ್ವಲ್ಪ ಸ್ವಲ್ಪವಾಗಿ ಹಾಕಿ. ಸೋರಿ ಬರಿದಾದ ಗೇರ್‌ಬಾಕ್ಸ್ ಇಟ್ಟುಕೊಂಡು ಪರೀಕ್ಷೆ ಮಾಡುತ್ತ ಎಂಜಿನ್ ಓಡಿಸಬೇಡಿ. ಹಾಗೆಂದು ಧಾರಾಳವಾಗಿ ಸುರಿಯಲೂ ಬಾರದು. ಮಟ್ಟ ಮಿತಿ ಮೀರಿದರೆ ತಿರುಗುವ ಭಾಗಗಳು ಆಯಿಲನ್ನು ಕಡೆದು ನೊರೆ ಎಬ್ಬಿಸುತ್ತವೆ, ಆ ನೊರೆ ಮೇಲಿನ ಗಾಳಿರಂಧ್ರದಿಂದ ಉಕ್ಕಿ ಹೊಸ ಸೋರಿಕೆಯ ವೇಷ ಹಾಕುತ್ತದೆ.

ಡಿಪ್‌ಸ್ಟಿಕ್ಕಿನ ಆಯಿಲನ್ನು ಮೂಸಿಯೂ ನೋಡಿ. ಸುಟ್ಟ ವಾಸನೆ, ಕಪ್ಪು ಕಣಗಳು ಇದ್ದರೆ ಕ್ಲಚ್ ಪ್ಲೇಟುಗಳು ಆಗಲೇ ಬಿಸಿ ತಿಂದಿವೆ. ಗುಲಾಬಿ ಬಣ್ಣದ ಕೆನೆಗಟ್ಟಿದಂಥ ದ್ರವ ಕಂಡರೆ ಮುಂದಿನ ಯಾವ ಹಂತವೂ ಬೇಡ, ನೇರ "ನೆಲಕ್ಕೆ ಬೀಳದ ಸೋರಿಕೆ" ಎಂಬಲ್ಲಿ ರೇಡಿಯೇಟರ್ ಬಗ್ಗೆ ಬರೆದಿರುವ ಭಾಗಕ್ಕೆ ಹೋಗಿ.

ರಟ್ಟು ಹಾಸಿ, ಹೊತ್ತು ಗಮನಿಸಿ

ದೊಡ್ಡದೊಂದು ರಟ್ಟನ್ನು ಕಾರಿನಡಿ ಹಾಸಿ, ಮುಂದಿನ ಚಕ್ರಗಳ ಜಾಗವನ್ನೂ ಬಂಪರಿನ ಅಂಚನ್ನೂ ಅದರ ಮೇಲೆ ಪೆನ್ನಿನಿಂದ ಗುರುತು ಹಾಕಿ. ಹನಿ ಬಿದ್ದ ಜಾಗ ಎಂಜಿನ್ ಮತ್ತು ಗೇರ್‌ಬಾಕ್ಸ್ ಸೇರುವಲ್ಲಿದೆಯೋ, ಪ್ಯಾನಿನ ಕೆಳಗೋ, ರೇಡಿಯೇಟರ್ ಬಳಿಯೋ, ಚಕ್ರದ ಒಳಬದಿಗೋ ಎಂಬುದು ಇದರಿಂದ ತಿಳಿಯುತ್ತದೆ. ಅಡಿಯಲ್ಲಿ ಪ್ಲಾಸ್ಟಿಕ್ ಕವರ್ ಇರುವ ಕಾರಾದರೆ ಮೊದಲು ಅದನ್ನು ಬಿಚ್ಚಿ. ಇಲ್ಲದಿದ್ದರೆ ಆಯಿಲ್ ಅದರ ಮೇಲೆ ಹರಿದು ಯಾವುದೋ ತೂತಿನಿಂದ ಬೀಳುತ್ತದೆ, ರಟ್ಟು ಸುಳ್ಳು ಹೇಳುತ್ತದೆ.

ಎಲ್ಲಿ ಎಂಬುದಕ್ಕಿಂತ ಯಾವಾಗ ಎಂಬುದು ನನ್ನ ಮಟ್ಟಿಗೆ ಇನ್ನೂ ದೊಡ್ಡ ಸುಳಿವು. ಎಂಜಿನ್ ಓಡುವಾಗ ಮಾತ್ರ ಸೋರಿ, ಆರಿಸಿದ ಮೇಲೆ ಬೇಗ ನಿಂತರೆ ಅದು ಒತ್ತಡದ ಭಾಗ: ಕೂಲರ್ ಪೈಪುಗಳು, ಅವುಗಳ ಜೋಡಣೆಗಳು, ಸರ್ವೋ (ಗೇರ್ ಬದಲಿಸಲು ಆಯಿಲ್ ಒತ್ತಡದಿಂದ ಚಲಿಸುವ ಪಿಸ್ಟನ್) ಮುಚ್ಚಳ, ಒತ್ತಡ ಅಳೆಯುವ ತೂತಿನ ಬೋಲ್ಟ್. ಎಂಜಿನ್ ನಿಂತಿದ್ದರೂ ಒಂದೇ ಸಮನೆ ಹನಿಯುತ್ತಿದ್ದರೆ ಆಯಿಲ್ ನಿಂತಿರುವ ಮಟ್ಟಕ್ಕಿಂತ ಕೆಳಗಿನ ಭಾಗ: ಪ್ಯಾನ್ ಗ್ಯಾಸ್ಕೆಟ್, ಡ್ರೈನ್ ಬೋಲ್ಟ್, ಕೆಲವು ಗೇರ್‌ಬಾಕ್ಸುಗಳಲ್ಲಿ ಡ್ರೈವ್ ಶಾಫ್ಟ್ ಸೀಲ್.

ಮೂರನೆಯದು ಹಳೆಯ ಕಾರುಗಳಿಗೇ ಮೀಸಲಾದದ್ದು. ದಿನಾ ಓಡಿಸುವಾಗ ಒಂದು ಹನಿಯೂ ಇಲ್ಲ, ವಾರಗಟ್ಟಲೆ ನಿಲ್ಲಿಸಿದರೆ ಮಾತ್ರ ಅಡಿಯಲ್ಲಿ ಮಡುವು. ಎಂಜಿನ್ ಶಕ್ತಿಯನ್ನು ಆಯಿಲ್ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಟಾರ್ಕ್ ಕನ್ವರ್ಟರ್ ಒಳಗೆ ಸಾಕಷ್ಟು ಆಯಿಲ್ ತುಂಬಿರುತ್ತದೆ. ಕಾರು ನಿಂತಾಗ ಅದು ಸವೆದ ವಾಲ್ವುಗಳ, ಬುಷ್‌ಗಳ ಸಂದಿನಿಂದ ನಿಧಾನವಾಗಿ ಪ್ಯಾನಿಗೆ ಇಳಿಯುತ್ತದೆ. ಪ್ಯಾನಿನ ಮಟ್ಟ ಎಂದಿಗಿಂತ ಮೇಲೇರಿ ಗೇರ್ ಲಿವರಿನ ಶಾಫ್ಟ್ ಸೀಲ್ ಅಥವಾ ಡಿಪ್‌ಸ್ಟಿಕ್ ಕೊಳವೆಯ ಓ-ರಿಂಗನ್ನು ಮುಳುಗಿಸುತ್ತದೆ. ಸಾಮಾನ್ಯವಾಗಿ ಆಯಿಲ್ ತಲುಪದ ಆ ರಬ್ಬರ್ ಗಟ್ಟಿಯಾಗಿದ್ದರೆ ಅಲ್ಲಿಂದ ಸೋರುತ್ತದೆ. ಕಾರು ಚಾಲೂ ಮಾಡಿದರೆ ಪಂಪು ಆಯಿಲನ್ನು ಮತ್ತೆ ಕನ್ವರ್ಟರಿಗೆ ತುಂಬಿ ಮಟ್ಟ ಇಳಿಯುತ್ತದೆ, ಸೋರಿಕೆ ಮಾಯ. ಗ್ಯಾರೇಜಿಗೆ ಓಡಿಸಿಕೊಂಡು ಹೋದರೆ ಏನೂ ಕಾಣದೆ ಇರುವುದು ಇದಕ್ಕೇ. ಇಂಥ ಕಾರನ್ನು ನಿಂತಲ್ಲೇ ಪರೀಕ್ಷಿಸಬೇಕು.

ಅಡಿಗೆ ಇಳಿಯುವ ಮುನ್ನ

ಬರೀ ಜಾಕಿನ ಮೇಲೆ ನಿಂತ ಕಾರಿನ ಕೆಳಗೆ ತಲೆ ಹಾಕಬೇಡಿ. ಗಟ್ಟಿ ನೆಲ, ನೆಲದಲ್ಲೇ ಇರುವ ಚಕ್ರಗಳಿಗೆ ಅಡ್ಡಗಟ್ಟು, ಕೈಪಿಡಿಯಲ್ಲಿ ತೋರಿಸಿದ ಜಾಗಕ್ಕೇ ಕೊಟ್ಟ ಸ್ಟ್ಯಾಂಡುಗಳು. ಕಾರನ್ನು ಕೈಯಿಂದ ಒಮ್ಮೆ ಅಲುಗಿಸಿ ನೋಡಿದ ಮೇಲೆ ಕೆಳಗೆ ಹೋಗಿ. ಎಕ್ಸಾಸ್ಟ್ ತಣ್ಣಗಾಗಿರಲಿ. ಓಡಿ ಬಂದ ಗೇರ್‌ಬಾಕ್ಸಿನ ಆಯಿಲ್ 90 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುತ್ತದೆ, ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸ್ ಬೇಕೇ ಬೇಕು. ಎಂಜಿನ್ ಓಡುವಾಗ ನೋಡಬೇಕಾದ್ದನ್ನು ಪಕ್ಕದಿಂದ, ಟಾರ್ಚ್ ಮತ್ತು ಉದ್ದ ಹಿಡಿಯ ಕನ್ನಡಿ ಬಳಸಿ ನೋಡಿ. ಗೇರಿನಲ್ಲಿರುವ ಕಾರಿನಡಿ ಯಾವ ಕಾರಣಕ್ಕೂ ಇರಬೇಡಿ.

ತೊಳೆಯದೆ ಹುಡುಕಬೇಡಿ

ಗೇರ್‌ಬಾಕ್ಸಿನ ಅಡಿಭಾಗ ಪೂರ್ತಿ ನೆಂದಿರುವಾಗ ಎಲ್ಲವೂ ಸೋರುತ್ತಿರುವಂತೆಯೇ ಕಾಣುತ್ತದೆ. ಹತ್ತು ವರ್ಷದ ಜಿಡ್ಡಿನ ಮೇಲೆ ಇವತ್ತಿನ ಆಯಿಲ್ ಹರಿದಿರುತ್ತದೆ. ಈ ಸ್ಥಿತಿಯಲ್ಲಿ ಪ್ಯಾನ್ ಗ್ಯಾಸ್ಕೆಟ್ ಬದಲಿಸಿ, ಮಾರನೇ ದಿನ ಮತ್ತೆ ಕಲೆ ಕಂಡು, ಆಮೇಲೆ ಸೀಲ್ ಬದಲಿಸಿ ಅಲೆಯುವವರೇ ಹೆಚ್ಚು.

ಜಿಡ್ಡು ತೆಗೆಯುವ ದ್ರಾವಣ ಹಚ್ಚಿ, ಬ್ರಷ್ಷಿನಿಂದ ಉಜ್ಜಿ, ಬಟ್ಟೆಯಿಂದ ಒರೆಸಿ ಮೈ ಒಣಗುವಂತೆ ಮಾಡಿ. ಜೋರಾದ ನೀರಿನ ಪಿಚಕಾರಿಯನ್ನು ಸೀಲ್, ಗಾಳಿರಂಧ್ರ, ವೈರಿಂಗ್ ಕನೆಕ್ಟರುಗಳ ಮೇಲೆ ಬಿಡಬೇಡಿ. ಒಣಗಿದ ಮೇಲೆ ಎಂಜಿನ್ ಚಾಲೂ ಮಾಡಿ, ಐದು ನಿಮಿಷಕ್ಕೊಮ್ಮೆ ಟಾರ್ಚ್ ಹಾಕಿ ನೋಡಿ. ಏನೂ ಕಾಣದಿದ್ದರೆ ಮಟ್ಟ ಸರಿಯಾಗಿದೆಯೆಂದು ಖಚಿತಪಡಿಸಿಕೊಂಡು ಹತ್ತಿರದಲ್ಲೇ ಒಂದು ಸುತ್ತು ಹಾಕಿ ಬಂದು ನೋಡಿ.

ಆಯಿಲ್ ಕೆಳಕ್ಕೆ ಇಳಿಯುತ್ತದೆ, ಓಡುವಾಗಿನ ಗಾಳಿಗೆ ಹಿಂದಕ್ಕೆ ಸರಿಯುತ್ತದೆ. ಆದ್ದರಿಂದ ಹನಿ ತೂಗುತ್ತಿರುವ ಜಾಗ ನೋಡಬೇಡಿ. ನೆಂದ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿನದ್ದು, ಎಲ್ಲಕ್ಕಿಂತ ಮುಂದಿನದ್ದು ಯಾವುದು ಎಂದು ನೋಡಿ. ಪ್ಯಾನಿನ ಅಂಚಿನಿಂದ ಹನಿ ಬೀಳುತ್ತಿದ್ದರೆ ಆ ಅಂಚಿನ ಮೇಲಿನ ಗೋಡೆಯನ್ನು ಬೆರಳಿನಿಂದ ಸವರಿ. ಬೆರಳು ಒಣಗಿದ್ದರೆ ಗ್ಯಾಸ್ಕೆಟ್ ಮೇಲೆ ಗುಮಾನಿ, ಒದ್ದೆಯಾದರೆ ಇನ್ನೂ ಮೇಲಕ್ಕೆ ಹೋಗಬೇಕು.

ಕಣ್ಣಿಗೆ ಸಿಗದಿದ್ದರೆ ಎರಡು ಉಪಾಯಗಳಿವೆ. ಒಣಗಿದ ಮೈಮೇಲೆ ಟಾಲ್ಕಂ ಪೌಡರನ್ನು ತೆಳ್ಳಗೆ ಉದುರಿಸಿದರೆ ಆಯಿಲ್ ಹೊರಬಂದ ಜಾಗದಿಂದ ಕಪ್ಪು ಗೆರೆ ಮೂಡುತ್ತದೆ. ಇಲ್ಲವೇ ಎಟಿಎಫ್‌ಗೆ ಹೊಂದುವ ಯುವಿ ಡೈ ಸ್ವಲ್ಪ ಬೆರೆಸಿ, ಓಡಿಸಿ ಬಂದು, ಕತ್ತಲಲ್ಲಿ ಯುವಿ ಟಾರ್ಚ್ ಬಿಡಿ. ಸೋರಿಕೆಯ ದಾರಿ ಹಸಿರು ಹಳದಿಯಾಗಿ ಹೊಳೆಯುತ್ತದೆ. ಡೈ ಹಾಕಿದರೆ ಕೈ, ಚಿಂದಿ ಬಟ್ಟೆ, ಡಿಪ್‌ಸ್ಟಿಕ್ ಹಿಡಿ ಎಲ್ಲವೂ ಹೊಳೆಯುವುದರಿಂದ ಹೊರಗೆ ಚೆಲ್ಲದಂತೆ ನೋಡಿಕೊಳ್ಳಬೇಕು. ಬಹಳ ನಿಧಾನದ ಸೋರಿಕೆಗೆ ಇದರಷ್ಟು ನಂಬಿಕಸ್ಥ ವಿಧಾನ ಬೇರಿಲ್ಲ.

ಒಂದೊಂದು ಜಾಗದ ಗುರುತು

ಇದ್ದಕ್ಕಿದ್ದಂತೆ ಸುರಿದಿದೆ ಎಂದರೆ ನಾನು ಮೊದಲು ನೋಡುವುದು ಕೂಲರ್ ಪೈಪುಗಳನ್ನು. ಗೇರ್‌ಬಾಕ್ಸಿನಿಂದ ರೇಡಿಯೇಟರಿಗೆ ಹೋಗಿ ವಾಪಸ್ ಬರುವ ಈ ಎರಡು ಪೈಪುಗಳಲ್ಲಿ ಲೋಹದ ಕೊಳವೆಗೆ ರಬ್ಬರ್ ತುಂಡು ಸೇರುವ ಜಾಗವೇ ದುರ್ಬಲ. ರಬ್ಬರನ್ನು ತಣ್ಣಗಿರುವಾಗ ಬಾಗಿಸಿ ನೋಡಿ. ಬಾಗದೆ ಸೆಟೆದಿದ್ದರೆ, ಮೇಲ್ಮೈಯಲ್ಲಿ ಕೂದಲೆಳೆಯ ಬಿರುಕುಗಳಿದ್ದರೆ ಅದರ ಆಯುಷ್ಯ ಮುಗಿದಿದೆ. ಲೋಹದ ಕೊಳವೆ ಚಾಸಿಗೆ ಉಜ್ಜುವಲ್ಲಿ, ಕ್ಲಿಪ್ಪಿನ ಅಡಿಯಲ್ಲಿ ತುಕ್ಕು ತಿಂದು ಸೂಜಿಮೊನೆಯ ತೂತು ಬಿದ್ದಿರುತ್ತದೆ. ಒತ್ತಡದಲ್ಲಿ ಅಲ್ಲಿಂದ ಆಯಿಲ್ ಮಂಜಿನಂತೆ ಸಿಂಪಡಿಸಿ ಸುತ್ತಲಿನದ್ದನ್ನೆಲ್ಲ ಒದ್ದೆ ಮಾಡುತ್ತದೆ. ಬದಲಿಸುವಾಗ ಎಟಿಎಫ್ ಕೂಲರಿಗೆಂದೇ ತಯಾರಾದ ಪೈಪು ಹಾಕಿ. ರೇಡಿಯೇಟರ್ ನೀರಿನ ಪೈಪಿನ ರಬ್ಬರ್ ಆಯಿಲ್ ತಗುಲಿದರೆ ಉಬ್ಬಿ ಮೆತ್ತಗಾಗಿ ಒಡೆಯುತ್ತದೆ.

ಡ್ರೈನ್ ಬೋಲ್ಟ್ ಮತ್ತು ಪ್ಯಾನ್ ಪರೀಕ್ಷೆ ಸುಲಭ. ಬೋಲ್ಟ್ ಸುತ್ತ ಮಾತ್ರ ಒದ್ದೆಯಿದ್ದರೆ ಹೊಸ ವಾಷರ್ ಸಾಕು. ಪ್ಯಾನ್ ಗ್ಯಾಸ್ಕೆಟ್ ವಿಷಯದಲ್ಲಿ ಬಹುತೇಕರು ಮಾಡುವ ಮೊದಲ ಕೆಲಸ ಎಲ್ಲ ಬೋಲ್ಟನ್ನೂ ಬಲವಾಗಿ ಬಿಗಿಯುವುದು. ಈ ಬೋಲ್ಟುಗಳಿಗೆ ಬೇಕಾದ ಬಿಗಿ ತೀರಾ ಕಡಿಮೆ, ಹಲವು ಗೇರ್‌ಬಾಕ್ಸುಗಳಲ್ಲಿ ಸುಮಾರು 10 ನ್ಯೂಟನ್ ಮೀಟರ್ ಆಸುಪಾಸು. ಉದ್ದ ಹಿಡಿಯ ಸ್ಪ್ಯಾನರಿನಿಂದ ಎಳೆದರೆ ಬೋಲ್ಟ್ ತೂತಿನ ಸುತ್ತ ತಗಡು ಒಳಗೆ ಬಾಗಿ, ಎರಡು ಬೋಲ್ಟ್‌ಗಳ ನಡುವಿನ ಅಂಚು ಗೇರ್‌ಬಾಕ್ಸಿನಿಂದ ದೂರ ಸರಿದು, ಕಾರ್ಕ್ ಗ್ಯಾಸ್ಕೆಟ್ ಹಿಂಡಿಕೊಂಡು ಹೊರಬರುತ್ತದೆ. ಪ್ಯಾನ್ ಬಿಚ್ಚಿದರೆ ಅಂಚಿಗೆ ಉಕ್ಕಿನ ಸ್ಕೇಲ್ ಇಟ್ಟು ನೇರವಿದೆಯೇ ನೋಡಿ, ಬಾಗಿದ್ದರೆ ತಟ್ಟಿ ಸರಿಮಾಡಿ. ಒಳಗಿನ ಆಯಸ್ಕಾಂತಕ್ಕೆ ನುಣ್ಣನೆಯ ಬೂದು ಕೆಸರು ಅಂಟಿರುವುದು ಸಹಜ. ಬೆರಳಿಗೆ ಚುಚ್ಚುವ ಲೋಹದ ಚೂರುಗಳು ಸಿಕ್ಕರೆ ಸೋರಿಕೆ ಈಗ ಎರಡನೇ ಚಿಂತೆ.

ಪಕ್ಕದ ಗೋಡೆಯಲ್ಲಿ ಗೇರ್ ಲಿವರಿನ ಶಾಫ್ಟ್, ಸ್ಪೀಡ್ ಸೆನ್ಸರ್ ಅಥವಾ ಸ್ಪೀಡೋಮೀಟರ್ ಕೇಬಲ್, ವೈರಿಂಗ್ ಕನೆಕ್ಟರ್, ಡಿಪ್‌ಸ್ಟಿಕ್ ಕೊಳವೆ ಇವೆಲ್ಲ ಒಂದೊಂದು ಸಣ್ಣ ರಬ್ಬರಿನ ಮೇಲೆ ನಿಂತಿವೆ. ಕನೆಕ್ಟರ್ ಬಿಚ್ಚಿದಾಗ ಪಿನ್ನುಗಳ ನಡುವೆ ಆಯಿಲ್ ಕಂಡರೆ ಉತ್ತರ ಸಿಕ್ಕಿತು.

ಮುಂದಿನ ಚಕ್ರಕ್ಕೆ ಶಕ್ತಿ ಕೊಡುವ ಕಾರುಗಳಲ್ಲಿ ಡ್ರೈವ್ ಶಾಫ್ಟ್ ಗೇರ್‌ಬಾಕ್ಸಿಗೆ ತೂರುವ ಜಾಗ, ಹಿಂಚಕ್ರದ ಕಾರುಗಳಲ್ಲಿ ಪ್ರೊಪೆಲ್ಲರ್ ಶಾಫ್ಟ್ ತೂರುವ ಹಿಂತುದಿ ನೋಡಿ. ತಿರುಗುವ ಶಾಫ್ಟ್ ಆಯಿಲನ್ನು ವೃತ್ತಾಕಾರವಾಗಿ ಎರಚುವುದರಿಂದ ಮೇಲಿನ ತಗಡಿನ ಮೇಲೂ ಗೆರೆ ಮೂಡಿರುತ್ತದೆ. ಶಾಫ್ಟನ್ನು ಕೈಯಿಂದ ಮೇಲೆ ಕೆಳಗೆ ಆಡಿಸಿ. ಸ್ಪಷ್ಟವಾಗಿ ಅಲ್ಲಾಡಿದರೆ ಒಳಗಿನ ಬುಷ್ ಅಥವಾ ಬೇರಿಂಗ್ ಸವೆದಿದೆ. ಸೀಲ್ ಒಂದನ್ನೇ ಬದಲಿಸಿದರೆ ಅದೂ ಬೇಗ ಸೋರುತ್ತದೆ. ಶಾಫ್ಟಿನ ಮೈಮೇಲೆ ಹಳೆಯ ಸೀಲ್ ಕೊರೆದ ಗೆರೆ ಉಗುರಿಗೆ ಸಿಕ್ಕುವಷ್ಟಿದ್ದರೂ ಅಷ್ಟೇ.

ಎಂಜಿನ್ ಮತ್ತು ಗೇರ್‌ಬಾಕ್ಸ್ ಸೇರುವ ಬೆಲ್ ಹೌಸಿಂಗಿನ ತಳದಿಂದ ಹನಿ ಬಿದ್ದರೆ ಮೆಕ್ಯಾನಿಕ್ ಬಾಯಿಂದ ಮೊದಲು ಬರುವುದು ಗೇರ್‌ಬಾಕ್ಸಿನ ಮುಂಭಾಗದ ಪಂಪ್ ಸೀಲಿನ ಹೆಸರು. ಅದನ್ನು ಬದಲಿಸಲು ಗೇರ್‌ಬಾಕ್ಸನ್ನೇ ಇಳಿಸಬೇಕು. ಒಪ್ಪುವ ಮುಂಚೆ ಮೂರು ವಿಷಯ ಖಚಿತಪಡಿಸಿಕೊಳ್ಳಿ. ಒಂದು, ಅದು ಎಟಿಎಫೇ ಹೊರತು ಎಂಜಿನ್ನಿನ ಹಿಂದಿನ ಸೀಲಿನ ಆಯಿಲ್ ಅಲ್ಲ ಎಂದು. ಎರಡು, ಮೇಲಿನ ಡಿಪ್‌ಸ್ಟಿಕ್ ಕೊಳವೆಯಿಂದಲೋ ಕೂಲರ್ ಜೋಡಣೆಯಿಂದಲೋ ಹೊರಮೈ ಮೇಲೆ ಇಳಿದು ಬಂದು ತಳದಲ್ಲಿ ಹನಿಯುತ್ತಿಲ್ಲ ಎಂದು. ಮೂರು, ಗಾಳಿರಂಧ್ರ ಮುಚ್ಚಿಲ್ಲ ಎಂದು. ಗೇರ್‌ಬಾಕ್ಸಿನ ಮೇಲ್ಭಾಗದ ಈ ಪುಟ್ಟ ರಂಧ್ರ ಕೆಸರಿನಿಂದ ಕಟ್ಟಿಕೊಂಡರೆ ಬಿಸಿಗಾಳಿ ಹೊರಹೋಗಲಾರದೆ ಒಳಗೆ ಒತ್ತಡ ಏರಿ ಗಟ್ಟಿಮುಟ್ಟಾದ ಸೀಲನ್ನೂ ದಾಟಿ ಆಯಿಲ್ ಬರುತ್ತದೆ. ಬೆಲ್ ಹೌಸಿಂಗಿನ ತಳದ ಮುಚ್ಚಳ ತೆಗೆದು ಒಳಗೆ ಟಾರ್ಚ್ ಹಾಕಿ. ಒಳಗೋಡೆಯ ಸುತ್ತಲೂ ಕೆಂಪು ಆಯಿಲ್ ಎರಚಿದ್ದರೆ ಪಂಪ್ ಸೀಲ್ ಅಥವಾ ಕನ್ವರ್ಟರ್ ಮೇಲಿನ ಅನುಮಾನ ಗಟ್ಟಿ. ಒಳಗೆ ಒಣಗಿ ಹೊರಗೆ ಮಾತ್ರ ಒದ್ದೆಯಿದ್ದರೆ ಗೇರ್‌ಬಾಕ್ಸ್ ಇಳಿಸಲು ಬಿಡಬೇಡಿ.

ನೆಲಕ್ಕೆ ಬೀಳದ ಸೋರಿಕೆ

ಮಟ್ಟ ಇಳಿಯುತ್ತಲೇ ಇದೆ, ರಟ್ಟು ಮಾತ್ರ ಒಣಗಿದೆ. ಹೀಗಿದ್ದರೆ ಆಯಿಲ್ ಒಳದಾರಿ ಹಿಡಿದಿದೆ.

ತೀರಾ ಹಳೆಯ ಕೆಲವು ಆಟೋಮ್ಯಾಟಿಕ್‌ಗಳಲ್ಲಿ ವ್ಯಾಕ್ಯೂಮ್ ಮಾಡ್ಯುಲೇಟರ್ ಎಂಬ ಡಬ್ಬಿಯಿದ್ದು, ಅದರಿಂದ ಒಂದು ಪೈಪು ಎಂಜಿನ್ ಇನ್‌ಟೇಕಿಗೆ ಹೋಗುತ್ತದೆ. ಒಳಗಿನ ಪೊರೆ ಹರಿದರೆ ಎಂಜಿನ್ ಎಟಿಎಫನ್ನು ಹೀರಿ ಸುಡುತ್ತದೆ, ಸೈಲೆನ್ಸರಿನಿಂದ ದಟ್ಟ ಬಿಳಿ ಹೊಗೆ ಬರುತ್ತದೆ. ಆ ಪೈಪನ್ನು ಮಾಡ್ಯುಲೇಟರಿನಿಂದ ಕಳಚಿ ಒಳಗೆ ನೋಡಿ. ಒಂದು ಹನಿ ಎಟಿಎಫ್ ಕಂಡರೂ ಡಬ್ಬಿ ಬದಲಿಸಬೇಕು.

ಎರಡನೆಯದು ರೇಡಿಯೇಟರ್. ಹಲವು ಕಾರುಗಳಲ್ಲಿ ಎಟಿಎಫ್ ಕೂಲರ್ ರೇಡಿಯೇಟರಿನ ತೊಟ್ಟಿಯೊಳಗೇ ಇರುತ್ತದೆ. ಅದರ ಗೋಡೆ ಬಿರುಕು ಬಿಟ್ಟರೆ ಎಂಜಿನ್ ಓಡುವಾಗ ಹೆಚ್ಚು ಒತ್ತಡದ ಎಟಿಎಫ್ ಕೂಲಂಟಿಗೆ ನುಗ್ಗುತ್ತದೆ. ಎಂಜಿನ್ ಆರಿಸಿದ ಮೇಲೆ ಬಿಸಿ ಕೂಲಂಟಿನ ಒತ್ತಡ ಉಳಿದಿರುವುದರಿಂದ ಅದು ಎಟಿಎಫ್ ಕಡೆಗೆ ನುಗ್ಗುತ್ತದೆ. ಎಂಜಿನ್ ಪೂರ್ತಿ ತಣ್ಣಗಿರುವಾಗ ಮಾತ್ರ ರೇಡಿಯೇಟರ್ ಮುಚ್ಚಳ ತೆಗೆಯಿರಿ. ಅಲ್ಲಿ ಗುಲಾಬಿ ಜಿಡ್ಡು ಕಂಡರೆ, ಅಥವಾ ಡಿಪ್‌ಸ್ಟಿಕ್ ಮೇಲೆ ಕೆನೆಗಟ್ಟಿದ್ದರೆ, ಎಂಜಿನ್ ಚಾಲೂ ಮಾಡಲೇಬೇಡಿ. ಕೂಲಂಟಿನಲ್ಲಿರುವ ಗ್ಲೈಕಾಲ್ ಮತ್ತು ನೀರು ಕ್ಲಚ್ ಪ್ಲೇಟಿನ ಪದರವನ್ನು ಅಂಟಿಸಿರುವ ಗೋಂದನ್ನೇ ಸಡಿಲಿಸುತ್ತವೆ. ರೇಡಿಯೇಟರ್ ಬದಲಿಸಿ ಎರಡೂ ವ್ಯವಸ್ಥೆಯನ್ನು ಪೂರ್ತಿ ತೊಳೆಯಬೇಕು. ಈ ಸ್ಥಿತಿಯಲ್ಲಿ ಬಹಳ ದೂರ ಓಡಿದ್ದರೆ ಗೇರ್‌ಬಾಕ್ಸ್ ಬಿಚ್ಚದೆ ಬೇರೆ ದಾರಿಯಿಲ್ಲ.

ಮ್ಯಾನ್ಯುಯಲ್ ಗೇರ್‌ಬಾಕ್ಸ್ ಆದರೆ

ಇಲ್ಲಿ ಪಂಪಿನ ಒತ್ತಡವೂ ಇಲ್ಲ, ಸಾಮಾನ್ಯವಾಗಿ ಕೂಲರ್ ಪೈಪುಗಳೂ ಇಲ್ಲ. ಆಯಿಲ್ ಹೆಚ್ಚು ದಪ್ಪ, ಗಂಧಕದ ಘಾಟು ಇರುತ್ತದೆ. ಆದರೂ ಕೆಲವು ಮ್ಯಾನ್ಯುಯಲ್‌ಗಳಿಗೂ ಎಟಿಎಫ್ ಹಾಕುತ್ತಾರೆ ಎಂಬುದು ನೆನಪಿರಲಿ. ಡ್ರೈನ್ ಮತ್ತು ಫಿಲ್ಲರ್ ಬೋಲ್ಟ್, ಡ್ರೈವ್ ಶಾಫ್ಟ್ ಸೀಲ್, ಗೇರ್ ಲಿವರಿನ ಶಾಫ್ಟ್ ಇಷ್ಟನ್ನೇ ನೋಡಬೇಕಾಗುತ್ತದೆ. ಬೆಲ್ ಹೌಸಿಂಗಿನಿಂದ ತಿಳಿಹಳದಿ ದ್ರವ ಹನಿಯುತ್ತಿದ್ದು ಕ್ಲಚ್ ಪೆಡಲ್ ಮೆತ್ತಗಾಗಿದ್ದರೆ ಅದು ಗೇರ್ ಆಯಿಲ್ ಅಲ್ಲ, ಕ್ಲಚ್ ಸಿಲಿಂಡರಿನ ಬ್ರೇಕ್ ಆಯಿಲ್. ಡಿಪ್‌ಸ್ಟಿಕ್ ಇಲ್ಲದ್ದರಿಂದ ಮಟ್ಟ ಇಳಿದದ್ದು ಗೊತ್ತೇ ಆಗುವುದಿಲ್ಲ. ಬೇರಿಂಗ್ ಕೂಗತೊಡಗುವವರೆಗೆ ಕಾಯದೆ ಫಿಲ್ಲರ್ ಬೋಲ್ಟ್ ಬಿಚ್ಚಿ ನೋಡಿ. ಬಹುತೇಕ ಗೇರ್‌ಬಾಕ್ಸುಗಳಲ್ಲಿ ಆಯಿಲ್ ಆ ತೂತಿನ ಕೆಳ ಅಂಚಿಗೆ ತಾಗುವಂತಿರಬೇಕು.

ಮೂಲ ಸಿಕ್ಕ ಮೇಲೆ

ಸೋರಿಕೆ ನಿಲ್ಲಿಸುವ ಬಾಟಲಿ ದ್ರಾವಣಗಳ ಬಗ್ಗೆ ಒಂದು ಮಾತು. ಅವು ಗಟ್ಟಿಯಾದ ರಬ್ಬರನ್ನು ಸ್ವಲ್ಪ ಉಬ್ಬಿಸಿ ಮೆದುಗೊಳಿಸುತ್ತವೆ, ಅಷ್ಟೇ. ಸೀಲ್ ನಿಧಾನವಾಗಿ ಒಸರುತ್ತಿದ್ದು, ಬದಲಿಸುವ ಶ್ರಮ ಕಾರಿನ ಯೋಗ್ಯತೆಗೆ ಮೀರಿದ್ದರೆ ಕೊನೆಯ ಪ್ರಯತ್ನವಾಗಿ ಹಾಕಬಹುದು. ಬಿರಿದ ಪೈಪಿಗೆ, ಸೀಳಿದ ಸೀಲಿಗೆ, ಬಾಗಿದ ಪ್ಯಾನಿಗೆ ಅದರಿಂದ ಏನೂ ಆಗದು. ಮೂಲ ಪತ್ತೆಯಾಗುವ ಮುಂಚೆ ಹಾಕುವುದಂತೂ ತಪ್ಪು.

ಪೈಪು, ವಾಷರ್, ಓ-ರಿಂಗ್, ಪ್ಯಾನ್ ಗ್ಯಾಸ್ಕೆಟ್ ಇವು ಮನೆಯಲ್ಲೇ ಆಗುವ ಕೆಲಸ. ಪಂಪ್ ಸೀಲ್, ಬುಷ್, ಬಿರುಕು ಬಿಟ್ಟ ಹೊರಕವಚ ಗ್ಯಾರೇಜಿನವು. ಅಲ್ಲಿಗೆ ಕಳಿಸುವಾಗ "ಗೇರ್‌ಬಾಕ್ಸ್ ಸೋರುತ್ತಿದೆ" ಎಂದಷ್ಟೇ ಹೇಳಿ ಕೀ ಕೊಡಬೇಡಿ. ಗುರುತು ಹಾಕಿದ ರಟ್ಟು, ತೊಳೆದ ಮೇಲೆ ತೆಗೆದ ಫೋಟೋ, ಎಂಜಿನ್ ಓಡುವಾಗ ಸೋರುತ್ತದೋ ನಿಂತಾಗಲೋ ಎಂಬ ವಿವರ ಜೊತೆಗಿದ್ದರೆ ಮೆಕ್ಯಾನಿಕ್ ಅದೇ ಜಾಗದಿಂದ ಶುರು ಮಾಡುತ್ತಾರೆ, ಊಹೆಯ ರಿಪೇರಿಗೆ ಆಸ್ಪದ ಇರುವುದಿಲ್ಲ.

ರಿಪೇರಿಯಾದ ಮೇಲೆ ಆಯಿಲ್ ತುಂಬಿ, ಎಂಜಿನ್ ಓಡಿಸಿ, ಎಲ್ಲ ಗೇರ್ ದಾಟಿಸಿ, ಮಟ್ಟವನ್ನು ಮತ್ತೆ ಸರಿಹೊಂದಿಸಿ. ಅಡಿಭಾಗವನ್ನು ಇನ್ನೊಮ್ಮೆ ಒರೆಸಿ ಒಣಗಿಸಿ ಹೊಸ ರಟ್ಟು ಹಾಸಿ. ಬಿಸಿಯಾಗಿ ಓಡಿ ಬಂದ ಕೂಡಲೇ ಒಮ್ಮೆ, ರಾತ್ರಿಯಿಡೀ ತಣಿದ ಮೇಲೆ ಒಮ್ಮೆ ನೋಡಿ. ನಿಲ್ಲಿಸಿದಾಗ ಮಾತ್ರ ಸೋರುತ್ತಿದ್ದ ಕಾರಾದರೆ ಈ ಎರಡು ನೋಟ ಸಾಲದು. ಮೊದಲು ಎಷ್ಟು ದಿನ ನಿಂತಾಗ ಮಡುವು ಕಾಣುತ್ತಿತ್ತೋ ಅಷ್ಟೇ ದಿನ ಕದಲಿಸದೆ ಬಿಟ್ಟು, ಆಮೇಲೆ ರಟ್ಟನ್ನು ಎಳೆದು ನೋಡಿ.